ಸಾಲಿಗೆ ಸೇರದ ಒಂದು ಹಪ್ಪಳ

2024ರ ಅಕ್ಟೋಬರ್ ಕೊನೆಯ ವಾರ. ಮಂಗಳೂರಿನಿಂದ ಸಂಜೆಯ ರೈಲಿನಲ್ಲಿ ಬಂದು, ಕುಂಬಳೆಯಲ್ಲಿ ಇಳಿದು, ಬದಿಯಡ್ಕದ ಬಸ್ಸು ಹಿಡಿದು ನೀರ್ಚಾಲಿನ ಅಕ್ಕನ ಮನೆಗೆ ಹೋಗಿದ್ದೆ. ಚಪ್ಪಲಿ ಕಳಚುವ ಮೊದಲೇ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದ. ಒಂಬತ್ತನೇ ಕ್ಲಾಸಿನ ಹುಡುಗ.

"ಚಿಕ್ಕಮ್ಮ, ಇದು ತಪ್ಪಲ್ವಾ?"

ಯಾರೋ ಕಳಿಸಿದ ವಾಟ್ಸಪ್ ಸುದ್ದಿ. ಇದುವರೆಗೆ ಸಿಕ್ಕಿದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದು ಎಂದು ಬರೆದು ಕೆಳಗೆ ಸಂಖ್ಯೆ ಕೊಟ್ಟಿದ್ದರು: 2136279841-1.

"ಒಂದು ಕಳೆದರೆ ಕೊನೆಗೆ ಸೊನ್ನೆ ಬರುತ್ತದೆ. ಹತ್ತರಿಂದ ಭಾಗ ಹೋಗುತ್ತದೆ. ಮತ್ತೆ ಅವಿಭಾಜ್ಯ ಆಗುವುದು ಹೇಗೆ?"

ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆ ಸುದ್ದಿ ಎಷ್ಟೋ ಜನರ ಕೈ ದಾಟಿ ಬಂದಿರುತ್ತದೆ. ಇವನು ಮಾತ್ರ ಒಂದನ್ನು ಕಳೆದು ನೋಡಿದ್ದಾನೆ. ಆಗಿದ್ದು ಇಷ್ಟೇ: ಮೊದಲಿನ 2 ಒಂದೇ ಕೆಳಗೆ ಇರಬೇಕಾದದ್ದು. ಉಳಿದ 136279841 ಅದರ ತಲೆಯ ಮೇಲೆ, ಸಣ್ಣ ಅಕ್ಷರದಲ್ಲಿ, ಘಾತವಾಗಿ ಕೂರಬೇಕಾದದ್ದು. ಕಾಪಿ ಮಾಡುವಾಗ ಅದು ಜಾರಿ ಕೆಳಗೆ ಬಿದ್ದಿದೆ. ಇನ್ನೂರ ಹದಿಮೂರು ಕೋಟಿ ಚಿಲ್ಲರೆಯ ಮಾತಲ್ಲ ಇದು. ಎರಡನ್ನು ಹದಿಮೂರು ಕೋಟಿ ಅರವತ್ತೆರಡು ಲಕ್ಷದ ಎಪ್ಪತ್ತೊಂಬತ್ತು ಸಾವಿರದ ಎಂಟುನೂರ ನಲವತ್ತೊಂದು ಸಲ ಬರೆದು, ಎಲ್ಲವನ್ನೂ ಗುಣಿಸಿ, ಕೊನೆಗೆ ಒಂದು ಕಳೆಯಬೇಕು.

"ಹಾಗಾದರೆ ಅದರ ಕೊನೆಯ ಅಂಕೆ ಎಂತ?" ಅಂದ.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದ ಕ್ಯಾಲೆಂಡರಿನಿಂದ ಸೆಪ್ಟೆಂಬರ್ ಹಾಳೆ ಹರಿದುಕೊಂಡು ಬಂದೆ. ಅದರ ಹಿಂಬದಿ ಖಾಲಿ ಇತ್ತು.

ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಕೊನೆಯ ಅಂಕೆ ಮಾತ್ರ ನೋಡಿದರೆ 2, 4, 8, 6, ಮತ್ತೆ 2. ನಾಲ್ಕು ಹೆಜ್ಜೆಗೆ ಒಂದು ಸುತ್ತು. ಘಾತವನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಕೊನೆಗೆ 2. ಒಂದು ಕಳೆದರೆ 1. ಅವನಿಗೆ ಇದು ಸಾಕಾಗಲಿಲ್ಲ, ಕೊನೆಯ ಎರಡು ಅಂಕೆ ಬೇಕೆಂದ. ಬರೆದೆವು: 04, 08, 16, 32, 64, 28, 56, 12, 24, 48, 96, 92, 84, 68, 36, 72, 44, 88, 76, 52. ಅಲ್ಲಿಂದ ಮತ್ತೆ 04. ಇಪ್ಪತ್ತರ ಸುತ್ತು. ಘಾತವನ್ನು ಇಪ್ಪತ್ತರಿಂದ ಭಾಗಿಸಿದರೆ ಶೇಷ ಒಂದೇ. 21ಕ್ಕೂ ಶೇಷ ಒಂದು, ಮತ್ತು 21ನೇ ಘಾತದ ಬಾಲ 52. ಹಾಗಾದರೆ ನಮ್ಮ ಸಂಖ್ಯೆಯ ಬಾಲ 51 ಇರಲೇಬೇಕು.

ಆ ಸಂಖ್ಯೆಯ ಅಂಕೆಗಳೆಲ್ಲ ಇರುವ ಫೈಲ್ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಬಿಡಿಸಿದರೆ ಸುಮಾರು 41 ಎಂಬಿ. ಮೊಬೈಲ್ ಒದ್ದಾಡಿತು, ಕೊನೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯಿತು. ಆರಂಭ 8816943 ಎಂದು. ಕೊನೆಗೆ ಹೋದೆವು. 486871551. ಐವತ್ತೊಂದು!

ಹುಡುಗ ಲ್ಯಾಪ್‌ಟಾಪ್ ನೋಡಿದ, ಹಾಳೆ ನೋಡಿದ, ಮತ್ತೆ ಲ್ಯಾಪ್‌ಟಾಪ್ ನೋಡಿದ. ಏನೂ ಮಾತಾಡಲಿಲ್ಲ.

*

ನಾನು ಕಲಿತದ್ದು ಇಲ್ಲಿಯದೇ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಮ್ಮ ಕಾಲಕ್ಕೆ ಅದು ಹಿರಿಯರ ಮಾತಿನಲ್ಲಿ ಬರುವ ಸಂಗತಿ. ನಮಗೆ ಗೊತ್ತಿದ್ದದ್ದು ಒಂದೇ ಕಟ್ಟಡದಲ್ಲಿ ಆಚೆ ಮಲಯಾಳ ಕ್ಲಾಸು, ಈಚೆ ಕನ್ನಡ ಕ್ಲಾಸು. ಅವರು 'ಅಭಾಜ್ಯ ಸಂಖ್ಯೆ' ಅನ್ನುತ್ತಿದ್ದರು, ನಾವು 'ಅವಿಭಾಜ್ಯ ಸಂಖ್ಯೆ'. ಊಟದ ಬಿಡುವಿನಲ್ಲಿ ಯಾರದು ಸರಿ ಎಂದು ಜಗಳವಾಡಿದ್ದೂ ಉಂಟು.

ಆ ಶಬ್ದವನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮ ಗಣಿತ ಮಾಸ್ಟ್ರು. ಅವರಿಗೆ ಶಬ್ದಗಳ ಮೇಲೆ ತುಂಬಾ ಪ್ರೀತಿ. "ಅವಿಭಕ್ತ ಅಂದರೆ ಇನ್ನೂ ಪಾಲಾಗದ್ದು. ಅವಿಭಾಜ್ಯ ಅಂದರೆ ಪಾಲು ಮಾಡಲಿಕ್ಕೇ ಆಗದ್ದು" ಅಂದಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಆಸ್ತಿ ಪಾಲಿನ ಮಾತು ನಡೆಯುತ್ತಿತ್ತು. ನಮ್ಮದು ಅವಿಭಕ್ತ ಕುಟುಂಬ. ಎರಡು ಶಬ್ದಗಳ ನಡುವೆ ಇರುವ ದೂರ ನನಗೆ ಆ ದಿನವೇ ಚೆನ್ನಾಗಿ ಗೊತ್ತಾಯಿತು.

ಪಾಲಾಗದ ಸಂಖ್ಯೆಯನ್ನು ಕಣ್ಣಾರೆ ಕಂಡದ್ದು ಅಂಗಳದಲ್ಲಿ. ಬೇಸಿಗೆ ರಜೆ ಅಂದರೆ ನಮಗೆ ಹಲಸಿನಕಾಯಿ ಹಪ್ಪಳ. ಸೊಳೆ ಬಿಡಿಸುವುದು, ಬೇಯಿಸುವುದು, ಮೆಣಸು ಉಪ್ಪು ಹಾಕಿ ಕಡೆಯುವುದು, ಉಂಡೆ ಕಟ್ಟುವುದು, ಒತ್ತುವುದು. ದೊಡ್ಡವರೆಲ್ಲ ಅದರಲ್ಲಿ. ಒತ್ತಿದ ಹಪ್ಪಳವನ್ನು ಓಲೆಯ ಚಾಪೆಯ ಮೇಲೆ ಹರಡಿ ಕಾಕೆ ಕಾಯುವುದು ಮಕ್ಕಳ ಕೆಲಸ. ದೊಡ್ಡಮ್ಮನಿಗೆ ಸಾಲು ನೇರ ಇರಬೇಕು. ಎಲ್ಲ ಸಾಲಿನಲ್ಲೂ ಒಂದೇ ಲೆಕ್ಕ ಇರಬೇಕು. ಆಗ ಕಾಕೆ ಎಷ್ಟು ಕೊಂಡುಹೋಯಿತು ಎಂದು ದೂರದಿಂದಲೇ ಗೊತ್ತಾಗುತ್ತದಲ್ಲ.

ಮೂವತ್ತಿದ್ದರೆ ತೊಂದರೆಯೇ ಇಲ್ಲ. ಐದು ಸಾಲು, ಸಾಲಿಗೆ ಆರು. ಇಲ್ಲವೇ ಮೂರು ಸಾಲು, ಸಾಲಿಗೆ ಹತ್ತು. ಮೂವತ್ತೊಂದು ಆಯಿತೋ, ಮುಗಿಯಿತು. ಎರಡು ಸಾಲು ಮಾಡಿ, ಮೂರು ಮಾಡಿ, ಐದು ಮಾಡಿ, ಒಂದು ಹಪ್ಪಳ ಹೊರಗೆ. ನಾಲ್ಕು ಸಾಲು ಮಾಡಿದರೆ ಮೂರು ಹೊರಗೆ. ಒಂದೇ ಉದ್ದ ಸಾಲು ಹಾಕಬಹುದು, ಚಾಪೆ ಸಾಲದು. ಕೈಯಲ್ಲಿ ಉಳಿದ ಆ ಹಪ್ಪಳ ಹಿಡಿದುಕೊಂಡು ನಾನು ಚಾಪೆಯ ಸುತ್ತ ಬರುತ್ತಿದ್ದದ್ದು ಈಗಲೂ ನೆನಪಿದೆ. ಹಸಿ ಹಪ್ಪಳ ಅಂಗೈಗೆ ಅಂಟುತ್ತಿತ್ತು. ಬೆರಳ ಗುರುತು ಬೀಳುತ್ತಿತ್ತು.

ಶಾಲೆ ಶುರುವಾದ ಮೇಲೆ ಮಾಸ್ಟ್ರಿಗೆ ಈ ಮೂವತ್ತೊಂದರ ಕಥೆ ಹೇಳಿದೆ. ಅವರು ಬೋರ್ಡಿನಲ್ಲಿ ಎರಡರ ಘಾತಗಳನ್ನು ಬರೆದು ಒಂದೊಂದು ಕಳೆದರು. 3, 7, 15, 31, 63, 127. ಘಾತ 2, 3, 5, 7 ಇದ್ದಲ್ಲಿ ಬಂದದ್ದು 3, 7, 31, 127. ನಾಲ್ಕೂ ಅವಿಭಾಜ್ಯ. ಘಾತ 4 ಮತ್ತು 6 ಇದ್ದಲ್ಲಿ 15 ಮತ್ತು 63. ಎರಡೂ ಒಡೆಯುತ್ತವೆ. ನಾನು ಕೂಡಲೇ ಕೈ ಎತ್ತಿದೆ. ಘಾತ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಎಂದು ಘೋಷಿಸಿದೆ.

ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಹನ್ನೊಂದು?" ಎಂದಷ್ಟೇ ಕೇಳಿದರು. "ಮನೆಯಲ್ಲಿ ಮಾಡಿ ನೋಡು."

2047. ಆ ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಭಾಗಿಸುತ್ತಾ ಹೋದೆ. 3ರಿಂದ ಹೋಗುವುದಿಲ್ಲ. 7ರಿಂದ ಹೋಗುವುದಿಲ್ಲ. 11, 13, 17, 19. ಹೊರಗೆ ಮಳೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ 23 ಬಂತು. 23 ಎಂಬತ್ತೊಂಬತ್ತಲಿ 2047. ಶೇಷ ಇಲ್ಲ.

ಸೋಮವಾರ ಮುಖ ಸಣ್ಣ ಮಾಡಿಕೊಂಡು ಹೋದೆ. ಮಾಸ್ಟ್ರಿಗೋ ಖುಷಿಯೇ ಖುಷಿ. "ನೀನು ಏಳು ಸಲ ಭಾಗಿಸಿದ್ದು. ಒಂದೇ ಸಲದಲ್ಲಿ ಆಗುತ್ತಿತ್ತು" ಅಂದರು. ಘಾತ 11 ಆದರೆ, ಉತ್ತರವನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಯಾವುದಾದರೂ ಇದ್ದರೆ, ಅದು 11ರ ಎರಡರಷ್ಟರ, ಅಂದರೆ 22ರ, ಗುಣಕಕ್ಕೆ ಒಂದು ಸೇರಿಸಿದ್ದೇ ಆಗಿರಬೇಕು. 22ಕ್ಕೆ ಒಂದು ಸೇರಿಸಿದರೆ 23. 88ಕ್ಕೆ ಒಂದು ಸೇರಿಸಿದರೆ 89. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಹೊತ್ತಿಗೇ ಇದನ್ನು ಕಂಡುಕೊಂಡಿದ್ದ. ಅದೇ ದಾರಿಯಲ್ಲಿ ಹೋಗಿ ಘಾತ 37ರ ಸಂಖ್ಯೆಯನ್ನು 223ರಿಂದ ಒಡೆದಿದ್ದ. 37ರ ಎರಡರಷ್ಟು 74, ಅದರ ಮೂರರಷ್ಟು 222, ಮತ್ತೆ ಒಂದು.

ಈ ಒಂದು ನಿಯಮ ಹಿಡಿದುಕೊಂಡು ನಮ್ಮ ದೊಡ್ಡ ಸಂಖ್ಯೆಯ ಹತ್ತಿರ ಹೋಗಿ. ಘಾತ 136279841. ಅದರ ಎರಡರಷ್ಟಕ್ಕೆ ಒಂದು ಸೇರಿಸಿದರೆ 272559683. ಅಂದರೆ ಇಪ್ಪತ್ತೇಳು ಕೋಟಿಯವರೆಗಿನ ಯಾವ ಸಂಖ್ಯೆಯೂ ಅದನ್ನು ಒಡೆಯಲಾರದು. ಒಂದೂ ಭಾಗಾಕಾರ ಮಾಡದೆ, ಕೂತಲ್ಲೇ ಇಷ್ಟು ಗೊತ್ತಾಗುತ್ತದೆ.

*

ಎರಡರ ಘಾತದಿಂದ ಒಂದು ಕಳೆದ ಇಂಥ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳು ಎಂದು ಹೆಸರು. ಮರಿನ್ ಮೆರ್ಸೆನ್ ಫ್ರಾನ್ಸಿನ ಒಬ್ಬ ಪಾದ್ರಿ. 1644ರಲ್ಲಿ ಅವನು ಒಂದು ಪಟ್ಟಿ ಕೊಟ್ಟ. 257ರವರೆಗಿನ ಘಾತಗಳಲ್ಲಿ ಅವಿಭಾಜ್ಯ ಕೊಡುವಂಥವು 2, 3, 5, 7, 13, 17, 19, 31, 67, 127 ಮತ್ತು 257 ಮಾತ್ರ ಎಂದ. ಆ ಕಾಲದಲ್ಲಿ ಅಷ್ಟನ್ನೂ ಯಾರಿಗೂ ಪರೀಕ್ಷಿಸಲು ಆಗುತ್ತಿರಲಿಲ್ಲ, ಅವನಿಗೂ. ಆದರೂ ಪಟ್ಟಿ ಇನ್ನೂರು ವರ್ಷಕ್ಕೂ ಜಾಸ್ತಿ ಹಾಗೆಯೇ ನಿಂತಿತು.

ಮೊದಲು ಮಾಡಿ ನೋಡಿದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಆಯ್ಲರ್. ಘಾತ 31ರ ಸಂಖ್ಯೆ 2147483647 ಅವಿಭಾಜ್ಯವೇ ಎಂದು 1772ರಲ್ಲಿ ತೋರಿಸಿದ. ಆಗ ಅವನಿಗೆ 65ರ ಆಸುಪಾಸು, ಕಣ್ಣು ಬಹುತೇಕ ಹೋಗಿತ್ತು. ಕಂಪ್ಯೂಟರ್ ಕೆಲಸದವರಿಗೆ ಈ ಸಂಖ್ಯೆ ದಿನಾ ಕಾಣುವ ಮುಖ. 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತಾ ಬಂದ ಹಳೆಯ ಮಾದರಿಯ ಗಡಿಯಾರಗಳು ತುಂಬುವುದು ಇದೇ ಸಂಖ್ಯೆಗೆ. ಅದು 2038ರ ಜನವರಿ 19, ನಮ್ಮ ಹೊತ್ತಿನಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ.

ಆಮೇಲೆ ಪಟ್ಟಿ ಒಂದೊಂದೇ ಕಡೆ ಬಿರುಕು ಬಿಟ್ಟಿತು. 61 ಅದರಲ್ಲಿ ಇರಬೇಕಿತ್ತು ಎಂದು 1883ರಲ್ಲಿ ತೋರಿಸಿದವನು ಪೆರ್ವುಶಿನ್, ರಷ್ಯಾದ ಹಳ್ಳಿಯೊಂದರ ಪಾದ್ರಿ. ಊರಿನ ದೊಡ್ಡ ವಿದ್ವಾಂಸರಿಂದ ದೂರ ಎಲ್ಲೋ ಕೂತು, ಎಣ್ಣೆಯ ದೀಪವೋ ಮೇಣದ ಬತ್ತಿಯೋ ಇಟ್ಟುಕೊಂಡು, ಹತ್ತೊಂಬತ್ತು ಅಂಕೆಯ ಒಂದು ಸಂಖ್ಯೆಯ ಜೊತೆ ಕೂತ ಮನುಷ್ಯ. ನನಗೆ ಅವನ ಮೇಲೆ ತುಂಬಾ ಗೌರವ. 89 ಮತ್ತು 107 ಕೂಡ ಬಿಟ್ಟುಹೋಗಿದ್ದವು ಎಂದು 1911 ಮತ್ತು 1914ರಲ್ಲಿ ಗೊತ್ತಾಯಿತು. 257 ಇರಬಾರದಿತ್ತು.

67ರದ್ದೇ ಬೇರೆ ಕಥೆ. ಫ್ರಾನ್ಸಿನ ಲೂಕಾ 1876ರಲ್ಲಿ ಎರಡು ಕೆಲಸ ಮಾಡಿದ. ಘಾತ 127ರ ಸಂಖ್ಯೆ, 39 ಅಂಕೆಯದ್ದು, ಅವಿಭಾಜ್ಯ ಎಂದು ಸಾಧಿಸಿದ. ಕಂಪ್ಯೂಟರ್ ಇಲ್ಲ, ಯಂತ್ರ ಇಲ್ಲ, ಬರೀ ಕೈಲೆಕ್ಕ. ಆ ದಾಖಲೆ 1951ರವರೆಗೆ ಮುರಿಯಲಿಲ್ಲ. ಅದೇ ದಾರಿಯಲ್ಲಿ 67 ಅವಿಭಾಜ್ಯ ಕೊಡುವುದಿಲ್ಲ ಎಂದೂ ಹೇಳಿದ. ಆದರೆ ಅದನ್ನು ಒಡೆಯುವ ಸಂಖ್ಯೆ ಯಾವುದು? ಅದು ಅವನ ಲೆಕ್ಕದಲ್ಲಿ ಬರುವುದೇ ಇಲ್ಲ. ಒಡೆಯುತ್ತದೆ ಎಂದು ಖಂಡಿತ ಗೊತ್ತು. ಯಾವುದರಿಂದ ಎಂದು ಗೊತ್ತಿಲ್ಲ.

ಹೀಗೂ ಇರುತ್ತದಾ ಎಂದು ನನಗೆ ಬಹಳ ವರ್ಷ ಆಶ್ಚರ್ಯ. ಮುಟ್ಟದೆ, ಕತ್ತರಿಸದೆ, ಒಳಗೆ ಬಿರುಕು ಇದೆ ಎಂದು ಹೇಳುವುದು. ನಮ್ಮಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಸುಮಾರಿಗೆ ಹಾಗೆ. ವ್ಯತ್ಯಾಸ ಏನೆಂದರೆ, ಕಾಯಿಯ ಲೆಕ್ಕ ಒಮ್ಮೊಮ್ಮೆ ತಪ್ಪುತ್ತದೆ. ಲೂಕಾನ ಲೆಕ್ಕ ಸರಿಯಾಗಿ ಮಾಡಿದರೆ ತಪ್ಪುವುದಿಲ್ಲ.

ಒಡೆಯುವ ಸಂಖ್ಯೆಯನ್ನು ಹುಡುಕಿ ಕೊಟ್ಟವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್, 27 ವರ್ಷಗಳ ನಂತರ. 1903ರ ಅಕ್ಟೋಬರ್‌ನಲ್ಲಿ ಗಣಿತದವರ ಸಭೆಯಲ್ಲಿ ಅವನು ಒಂದೂ ಮಾತಾಡದೆ ಬೋರ್ಡಿನ ಹತ್ತಿರ ಹೋಗಿ ಒಂದು ಕಡೆ ಎರಡರ 67ನೇ ಘಾತದಿಂದ ಒಂದು ಕಳೆದು ಬರೆದ, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿದ, ಎರಡೂ ಕಡೆ 147573952589676412927 ಬಂತು, ಹಾಗೇ ಹೋಗಿ ಕೂತ ಎಂದು ಹೇಳುವ ಕಥೆಯಿದೆ. ಎಷ್ಟು ಸಮಯ ಹಿಡಿಯಿತು ಎಂದು ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಅಂದನಂತೆ. ಕಥೆಯಲ್ಲಿ ಎಷ್ಟು ಬಣ್ಣ ಸೇರಿದೆಯೋ, ಗುಣಾಕಾರವಂತೂ ನಿಜ. ಮಾಸ್ಟ್ರ ನಿಯಮ ಇಲ್ಲಿಯೂ ನಿಲ್ಲುತ್ತದೆ. 193707721ರಿಂದ ಒಂದು ಕಳೆದು 134ರಿಂದ ಭಾಗಿಸಿ ನೋಡಿ. ಸರಿಯಾಗಿ 1445580 ಬರುತ್ತದೆ, ಶೇಷ ಇಲ್ಲ. ನಾನು ಇದನ್ನು ರೈಲಿನಲ್ಲಿ ಕೂತು ಟಿಕೆಟಿನ ಹಿಂದೆ ಮಾಡಿ ನೋಡಿದವಳು. ಉಪ್ಪಳ ಬರುವಾಗ ಶುರುಮಾಡಿದ್ದೆ, ಕುಂಬಳೆಯಲ್ಲಿ ಇಳಿಯುವಷ್ಟರಲ್ಲಿ ಮುಗಿದಿತ್ತು.

*

ಈಗ ಆ ದೊಡ್ಡ ಸಂಖ್ಯೆ. ಎಷ್ಟು ದೊಡ್ಡದು? 4 ಕೋಟಿ 10 ಲಕ್ಷ 24 ಸಾವಿರದ 320 ಅಂಕೆ. ಪುಟಕ್ಕೆ 3000 ಅಂಕೆ ಮುದ್ರಿಸಿದರೆ 13675 ಪುಟ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಓದಿದರೆ 475 ದಿನ.

ಎಷ್ಟು ಅಂಕೆ ಇದೆ ಎಂಬುದನ್ನೂ ನಾವೇ ಲೆಕ್ಕ ಹಾಕಬಹುದು. ಘಾತವನ್ನು ಎರಡರ ಲಾಗರಿದಮ್‌ನಿಂದ, ಅಂದರೆ ಹತ್ತರ ಎಷ್ಟನೇ ಘಾತ ಎರಡಾಗುತ್ತದೆ ಎಂದು ಹೇಳುವ ಸಂಖ್ಯೆಯಿಂದ, ಗುಣಿಸಿ, ಉತ್ತರದ ದಶಮಾಂಶ ಬಿಟ್ಟು ಒಂದು ಸೇರಿಸಿದರೆ ಆಯಿತು. ನನ್ನ ಹಳೆಯ ಲಾಗ್ ಟೇಬಲ್ ಪುಸ್ತಕ ಅಕ್ಕನ ಕಪಾಟಿನಲ್ಲಿ ಇತ್ತು, ಗೆದ್ದಲು ಮೂಲೆ ತಿಂದಿತ್ತು. ಅದರಲ್ಲಿ 0.3010. ಗುಣಿಸಿದೆವು. ಉತ್ತರ ನಾಲ್ಕು ಸಾವಿರಕ್ಕೂ ಜಾಸ್ತಿ ಅಂಕೆ ಕಡಿಮೆ ಬಂತು. ಇನ್ನೊಂದು ಅಂಕೆ ಸೇರಿಸಿ 0.30103 ಅಂತ ಮಾಡಿದರೆ ಈಗ ಒಂದೇ ಒಂದು ಅಂಕೆ ಹೆಚ್ಚು. ದಶಮಾಂಶದ ನಂತರ ಹತ್ತು ಅಂಕೆ ತೆಗೆದುಕೊಂಡು 0.3010299957ರಿಂದ ಗುಣಿಸಿದಾಗ 41024319.95 ಬಂತು. ಅಂದರೆ 41024320 ಅಂಕೆ. ಸರಿಯಾಯಿತು. ಶಾಲೆಯಲ್ಲಿ ನಾಲ್ಕು ಅಂಕೆ ಸಾಕು ಎಂದು ಕಲಿತದ್ದು, ಸಾಲದ ಜಾಗವೂ ಇರುತ್ತದೆ ಎಂದು ಇಷ್ಟು ವರ್ಷದ ಮೇಲೆ ಕಂಡೆ.

ಇನ್ನೊಂದು ಬಗೆಯಲ್ಲಿ ನೋಡಿದರೆ ಅದು ನಮ್ಮ ಛಂದಸ್ಸಿನ ಸಂಖ್ಯೆ. ಮೂರು ಅಕ್ಷರಕ್ಕೆ ಲಘು ಗುರು ಹಾಕುವ ಬಗೆ ಎಂಟು, ಅದೇ ಯಮಾತಾರಾಜಭಾನಸಲಗಂ ಎಂದು ಬಾಯಿಪಾಠ ಮಾಡಿದ ಎಂಟು ಗಣ. ಅದರಲ್ಲಿ ಬರೀ ಗುರುವೇ ಇರುವ ಮಗಣ ತೆಗೆದರೆ ಏಳು. ಏಳು ಅವಿಭಾಜ್ಯ. ಹಾಗೆಯೇ 136279841 ಅಕ್ಷರಗಳ ಒಂದು ಸಾಲು ಇದೆ ಎಂದುಕೊಳ್ಳಿ. ಅದಕ್ಕೆ ಪ್ರಸ್ತಾರ ಹಾಕಿ, ಅಂದರೆ ಲಘು ಗುರು ಹಾಕುವ ಎಲ್ಲ ಬಗೆಗಳನ್ನೂ ಸಾಲಾಗಿ ಬರೆದು, ಎಲ್ಲವೂ ಗುರುವಾದ ಒಂದು ಸಾಲನ್ನು ಬಿಟ್ಟರೆ, ಉಳಿದದ್ದು ನಮ್ಮ ಸಂಖ್ಯೆ. ಎರಡರ ಘಾತವನ್ನು ಬೇಗ ಕಂಡುಹಿಡಿಯುವ ಉಪಾಯವನ್ನೂ ಪಿಂಗಳನ ಛಂದಃಸೂತ್ರವೇ, ಛಂದಸ್ಸಿನ ಆ ಪ್ರಾಚೀನ ಸಂಸ್ಕೃತ ಗ್ರಂಥವೇ, ಹೇಳುತ್ತದೆ. ಘಾತ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ. ಹಿಂದಿರುಗಿ ಬರುವಾಗ ಅರ್ಧ ಮಾಡಿದಲ್ಲಿ ವರ್ಗ, ಒಂದು ಕಳೆದಲ್ಲಿ ಎರಡರಿಂದ ಗುಣಾಕಾರ. ಅದೇ ಉಪಾಯದಲ್ಲಿ ಕೊನೆಯ ಮೂರು ಅಂಕೆಯನ್ನೂ ಹಿಡಿದೆವು. ಮೂರು ಅಂಕೆಯ ಬಾಲಕ್ಕೆ ನೂರರ ಸುತ್ತು, ಹಾಗಾಗಿ 41ನೇ ಘಾತ ನೋಡಿದರೆ ಸಾಕು. ಹತ್ತನೆಯದು 024. ಅದರ ವರ್ಗ 576. ಅದರ ವರ್ಗದ ಬಾಲ 776. ಎರಡರಿಂದ ಗುಣಿಸಿದರೆ 552. ಒಂದು ಕಳೆದರೆ 551. ಫೈಲಿನಲ್ಲಿಯೂ 551.

ಅವಿಭಾಜ್ಯ ಎಂದು ಕಂಡದ್ದು ಮಾತ್ರ ಬಹಳ ಜನರ ಕೆಲಸ. ಜಾರ್ಜ್ ವೋಲ್ಟ್‌ಮನ್ ಎಂಬಾತ 1996ರಲ್ಲಿ ಶುರುಮಾಡಿದ, ಮೆರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಎಂಬ ಕೂಟ ಇದೆ. ಯಾರು ಬೇಕಾದರೂ ತಮ್ಮ ಕಂಪ್ಯೂಟರನ್ನು ಅದಕ್ಕೆ ದುಡಿಸಬಹುದು. ಈ ಸಲ ಸಿಕ್ಕಿದ್ದು ಅಮೆರಿಕದ ಲ್ಯೂಕ್ ಡ್ಯೂರಾಂಟ್‌ಗೆ. ಅವರು ಬೇರೆ ಬೇರೆ ದೇಶಗಳಲ್ಲಿ ಬಾಡಿಗೆಗೆ ಸಿಗುವ ಗ್ರಾಫಿಕ್ಸ್ ಚಿಪ್‌ಗಳನ್ನು ಈ ಕೆಲಸಕ್ಕೆ ಹೂಡಿದ್ದರು. 2024ರ ಅಕ್ಟೋಬರ್ 11ಕ್ಕೆ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಯಂತ್ರ ಇದು ಅವಿಭಾಜ್ಯ ಇರಬಹುದು ಎಂದಿತು. ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ಹೌದು ಎಂದಿತು. ಆಮೇಲೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಪರೀಕ್ಷಿಸಿ, 21ಕ್ಕೆ ಪ್ರಕಟಿಸಿದರು. ಇದಕ್ಕೆ ಮುಂಚಿನದ್ದು ಸಿಕ್ಕಿದ್ದು 2018ರ ಡಿಸೆಂಬರ್‌ನಲ್ಲಿ. ಇದುವರೆಗೆ ಗೊತ್ತಿರುವ ಮೆರ್ಸೆನ್ ಅವಿಭಾಜ್ಯಗಳಲ್ಲಿ ಇದು 52ನೆಯದು. 3000 ಡಾಲರ್ ಬಹುಮಾನವನ್ನು ತಾನು ಕಲಿತ ಶಾಲೆಯ ಗಣಿತ ವಿಭಾಗಕ್ಕೆ ಕೊಡುವುದಾಗಿ ಡ್ಯೂರಾಂಟ್ ಹೇಳಿದರು. ಅದನ್ನು ಓದಿ ನನಗೆ ನಮ್ಮ ಮಾಸ್ಟ್ರ ನೆನಪಾಗಿ ಕಣ್ಣು ತುಂಬಿತು.

ಇದರಿಂದ ಎಂತ ಉಪಯೋಗ ಎಂದು ಅಕ್ಕ ಕೇಳಿದಳು. ಬ್ಯಾಂಕಿನ, ಮೆಸೇಜಿನ ಬೀಗಗಳಿಗೆ ಅವಿಭಾಜ್ಯ ಸಂಖ್ಯೆ ಬೇಕು, ಆದರೆ ಅಲ್ಲಿಗೆ ಮುನ್ನೂರು ಅಂಕೆಯದ್ದು ಸಾಕು. ನಾಲ್ಕು ಕೋಟಿ ಅಂಕೆಯದ್ದಕ್ಕೆ ಸದ್ಯ ಯಾವ ಉಪಯೋಗವೂ ಇಲ್ಲ ಅಂದೆ. ಅವಳು ತಲೆ ಆಡಿಸಿ ಹಪ್ಪಳ ಕಾಯಿಸಲು ಒಳಗೆ ಹೋದಳು.

*

ಆ ಯಂತ್ರ ಮಾಡಿದ ಲೆಕ್ಕ ಎಂಥದ್ದು ಎಂದು ಹುಡುಗನಿಗೆ ನೋಡಬೇಕಿತ್ತು. ಲೂಕಾನ ದಾರಿಯನ್ನು 1930ರಲ್ಲಿ ಲೇಮರ್ ಎಂಬಾತ ಇನ್ನಷ್ಟು ಸರಳ ಮಾಡಿದ. ಅದು ಒಂಬತ್ತನೇ ಕ್ಲಾಸಿನವರಿಗೂ ಮಾಡಲು ಬರುತ್ತದೆ. 4ರಿಂದ ಶುರು. ವರ್ಗ ಮಾಡು, ಎರಡು ಕಳೆ. ಬಂದದ್ದು ನಮ್ಮ ಸಂಖ್ಯೆಗಿಂತ ದೊಡ್ಡದಾದರೆ ಭಾಗಿಸಿ ಶೇಷ ಮಾತ್ರ ಇಟ್ಟುಕೋ. ಮತ್ತೆ ವರ್ಗ, ಮತ್ತೆ ಎರಡು ಕಳೆ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬಾರದಿದ್ದರೆ ಅಲ್ಲ.

ಮೂವತ್ತೊಂದಕ್ಕೆ ಮಾಡಿದೆವು. 4, 14, 8, 0. ದೊಡ್ಡಮ್ಮನ ಚಾಪೆಯ ಮೂವತ್ತೊಂದು ಮೂರೇ ಹೆಜ್ಜೆಗೆ ಮುಗಿಯಿತು. ನೂರ ಇಪ್ಪತ್ತೇಳಕ್ಕೆ 4, 14, 67, 42, 111, 0. ನನ್ನನ್ನು ಸೋಲಿಸಿದ 2047ಕ್ಕೂ ಮಾಡಿದೆವು. ಅದು 1736ರಲ್ಲಿ ನಿಂತಿತು. 23 ಎಲ್ಲಿಯೂ ಕಾಣಿಸಲಿಲ್ಲ, 89 ಕಾಣಿಸಲಿಲ್ಲ. ಆದರೂ ಒಡೆಯುತ್ತದೆ ಎಂದು ಹೇಳಿತು.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸೊನ್ನೆಗೆ ಮುಂಚಿನ ಸಂಖ್ಯೆ 31ರಲ್ಲಿ 8. ಎರಡರ ಘಾತ. 127ರಲ್ಲಿ 111. ಅದು 127ಕ್ಕೆ 16 ಕಡಿಮೆ, 16 ಕೂಡ ಎರಡರ ಘಾತ. ಇದು ಸುಮ್ನೆ ಆದದ್ದಲ್ಲ. ಕೊನೆಗೆ ಸೊನ್ನೆ ಬರಬೇಕಾದರೆ ಅದಕ್ಕೆ ಮುಂಚಿನದರ ವರ್ಗದಲ್ಲಿ ಶೇಷ 2 ಉಳಿಯಬೇಕು. ಈಗ 2ರ ಘಾತ 7ನ್ನು, ಅಂದರೆ 128ನ್ನು, 127ರಿಂದ ಭಾಗಿಸಿದರೆ ಶೇಷ 1. ಇನ್ನೊಂದು ಸಲ ಎರಡರಿಂದ ಗುಣಿಸಿದರೆ ಶೇಷ 2. ಆ 256 ಯಾವುದರ ವರ್ಗ? 16ರದ್ದು. ಸಂಖ್ಯೆ ಅವಿಭಾಜ್ಯವಾದರೆ ಹೀಗೆ ವರ್ಗದ ಶೇಷ 2 ಕೊಡುವವು ಎರಡೇ ಎರಡು: 16, ಮತ್ತು 127ಕ್ಕೆ 16 ಕಡಿಮೆ ಇರುವ 111. ಮೂರನೆಯದು ಇಲ್ಲ. ಹಾಗಾದರೆ ಡ್ಯೂರಾಂಟ್‌ನ ಸಂಖ್ಯೆಗೂ ಹದಿಮೂರು ಕೋಟಿ ಹೆಜ್ಜೆಯ ಆ ಲೆಕ್ಕದಲ್ಲಿ ಸೊನ್ನೆಗೆ ಮುಂಚೆ ಬಂದದ್ದು ಎರಡರ ಘಾತ 68139921 ಇರಬೇಕು, ಇಲ್ಲವೇ ಇಡೀ ಸಂಖ್ಯೆಗೆ ಅಷ್ಟು ಕಡಿಮೆ ಇರುವಂಥದ್ದು. ನಾಲ್ಕು ಕೋಟಿ ಅಂಕೆಗಳ ಗದ್ದಲದಲ್ಲಿ ವರ್ಗ, ಶೇಷ, ವರ್ಗ, ಶೇಷ ಎಂದು ಅಷ್ಟು ದೂರ ಹೋಗಿ, ಮುಗಿಯುವುದಕ್ಕೆ ಒಂದು ಹೆಜ್ಜೆ ಇರುವಾಗ ಎಲ್ಲ ತಿಳಿಯಾಗಿ ಬರೀ ಎರಡರ ಘಾತವೊಂದು ಎದುರು ನಿಲ್ಲುತ್ತದೆ. ನೀರ್ಚಾಲಿನ ಜಗಲಿಯಲ್ಲಿ ಕೂತು ಅದನ್ನು ಹೇಳಲು ಆಗುತ್ತದೆ ಅನ್ನುವುದು ನನಗೆ ಈಗಲೂ ರೋಮಾಂಚನ.

ಅಕ್ಕ ಹಪ್ಪಳದ ತಟ್ಟೆ ತಂದಿಟ್ಟಳು. ಹುಡುಗ ಅದನ್ನು ನೋಡಲಿಲ್ಲ. ಘಾತ 13 ತಾನೊಬ್ಬನೇ ಮಾಡುತ್ತೇನೆ ಎಂದ. 8191. ಹನ್ನೊಂದು ಹೆಜ್ಜೆ.

"ತಿಂದು ಮಾಡು ಮಾರಾಯ, ಮೆತ್ತಗಾಗುತ್ತದೆ" ಅಂದಳು ಅಕ್ಕ.

4, 14, 194, 4870, 3953. ಅಲ್ಲಿಗೆ ಒಂದು ಸಲ ತಪ್ಪಿದ. ಮುಂದೆ ಬಂದದ್ದು ಸರಿ ಇಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಹೇಳಲಿಲ್ಲ. ಕೊನೆಗೆ ಸೊನ್ನೆ ಬಾರದೆ ಇದ್ದಾಗ ಅವನೇ ಹಿಂದೆ ಹೋಗಿ, ರಬ್ಬರಿನಿಂದ ಉಜ್ಜಿ, ಕ್ಯಾಲೆಂಡರ್ ಹಾಳೆ ಅಲ್ಲಿ ತೆಳುವಾಗಿ ತೂತು ಬೀಳುವಷ್ಟಾಯಿತು, ಮತ್ತೆ ಗುಣಿಸಿದ. 5970. 1857. 36. 1294. 3470. ಹೊರಗೆ ಕತ್ತಲಾಗಿತ್ತು. ಹತ್ತನೆಯ ಹೆಜ್ಜೆಗೆ 128 ಬಂತು.

ಅವನು ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ವರ್ಗ ಮಾಡಿದ, 16384. ಎರಡು ಕಳೆದ, 16382. ಭಾಗಾಕಾರ ಮಾಡಲಿಲ್ಲ. ಪಕ್ಕದಲ್ಲಿ 8191ನ್ನು ಒಂದರ ಕೆಳಗೆ ಒಂದು ಎರಡು ಸಲ ಬರೆದು ಕೂಡಿಸಿದ. ಅದರ ಕೆಳಗೆ ಒಂದು ಸೊನ್ನೆ ಹಾಕಿ, ಪೆನ್ಸಿಲಿನಿಂದ ಅದರ ಮೇಲೆಯೇ ಮತ್ತೆ ಮತ್ತೆ ತಿದ್ದಿದ.